ಕೆರೆಯ ಮೀನು ಯಾರದು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಅದನ್ನು ಕೆರೆ ಎನ್ನಲು ಮನಸ್ಸು ಬಾರದು. ಶಾಂತಿಸಾಗರವೆಂದೂ ಕರೆಯುವ ಈ ಜಲರಾಶಿಯ ಸುತ್ತಳತೆ ಸುಮಾರು 40 ಮೈಲಿ ಎಂದು ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತದೆ. ಇದರ ಸಿದ್ಧನಾಲೆ, ಬಸವನಾಲೆಗಳ ನೀರಿಗೆ ಹಕ್ಕುದಾರರಿದ್ದಾರೆ. ಆದರೆ ನೀರೊಳಗಿನ ಮೀನು ಯಾರದು? ಕೆರೆ ಕಟ್ಟಿಸಿದವರನ್ನು ಕೊಂಡಾಡುವ ನಮ್ಮ ಇತಿಹಾಸ ಈ ಪ್ರಶ್ನೆಯ ಬಳಿ ಹೆಚ್ಚು ಹೊತ್ತು ನಿಂತಿಲ್ಲ.

ಪ್ರಶ್ನೆ ಹೊಸದೇನಲ್ಲ. ನೀರು, ಹುಲ್ಲು, ಬೆಂಕಿಗಳಲ್ಲಿ ಎಲ್ಲರೂ ಪಾಲುದಾರರೆಂದು ಪ್ರವಾದಿವರ್ಯರು(ಸ) ಕಲಿಸಿದರು. ಖಲೀಫ ಹಾರೂನ್ ರಶೀದರ ಕಾಲದ ಮುಖ್ಯ ನ್ಯಾಯಾಧೀಶ ಇಮಾಮ್ ಅಬೂ ಯೂಸುಫ್, ನೀರಲ್ಲಿರುವ ಮೀನನ್ನು ಹಿಡಿಯುವ ಮುನ್ನವೇ ಮಾರುವುದರ ಬಗ್ಗೆ ಚರ್ಚಿಸಿದ್ದಾರೆ. ಇಂಗ್ಲೆಂಡಿನಲ್ಲಿ 1215ರ ಮ್ಯಾಗ್ನಾ ಕಾರ್ಟಾ, ನದಿಗಳಿಗೆ ಅಡ್ಡವಾಗಿದ್ದ ಮೀನುಕಟ್ಟೆಗಳನ್ನು ಕಿತ್ತುಹಾಕಲು ಹೇಳಿತು.

ಬ್ರಿಟಿಷ್ ಭಾರತದಲ್ಲಿ 1897ರ ಮೀನುಗಾರಿಕೆ ಕಾಯ್ದೆ ಬಂತು. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದನ್ನು ಅದು ನಿಷೇಧಿಸಿತು. ಒಬ್ಬನ ಸ್ವತ್ತಾಗಿರುವ, ಇಲ್ಲವೇ ಒಬ್ಬನಿಗೇ ಮೀನಿನ ಹಕ್ಕಿರುವ ನೀರನ್ನು ಅದು ಖಾಸಗಿ ನೀರು ಎಂದಿತು. ಅದರ ಜೊತೆಗೇ ಒಂದು ವಿವರಣೆಯನ್ನೂ ಸೇರಿಸಿತು: ಬೇರೆಯವರಿಗೆ ರೂಢಿಯಿಂದ ಬಂದ ಮೀನಿನ ಹಕ್ಕು ಇದ್ದ ಮಾತ್ರಕ್ಕೆ ಖಾಸಗಿ ನೀರು ಖಾಸಗಿಯಲ್ಲದೆ ಹೋಗುವುದಿಲ್ಲ. ಅಂದರೆ ಒಡೆತನ ಮತ್ತು ರೂಢಿಯ ಹಕ್ಕು ಒಂದೇ ನೀರಿನಲ್ಲಿ ಇರಬಲ್ಲವು ಎಂದು ಕಾನೂನು ಅಂದೇ ಒಪ್ಪಿತ್ತು. 1882ರ ಈಸ್‌ಮೆಂಟ್ ಕಾಯ್ದೆಯೂ, ಮನೆಯ ಬಳಕೆಗೆಂದು ಇನ್ನೊಬ್ಬನ ಕೆರೆಯಿಂದ ಮೀನು ತೆಗೆದುಕೊಳ್ಳುವ ಹಕ್ಕನ್ನು ಉದಾಹರಣೆಯಾಗಿಯೇ ಕೊಟ್ಟಿದೆ. ಮೈಸೂರು ಸಂಸ್ಥಾನ ಬೇಟೆ ಮತ್ತು ಮೀನಿನ ರಕ್ಷಣೆಗೆ 1901ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು.

ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. 1954ರ ಮೈಸೂರು ಇನಾಂ ರದ್ದತಿ ಕಾಯ್ದೆ ಇನಾಂ ಗ್ರಾಮಗಳ ಜಮೀನಿನೊಂದಿಗೆ ಕೆರೆ, ಮೀನುಗಾರಿಕೆಗಳನ್ನೂ ಸರ್ಕಾರಕ್ಕೆ ಸೇರಿಸಿತು. ಒರಿಸ್ಸಾದಲ್ಲೂ ಹೀಗೇ ಆಗಿತ್ತು. ಚಿಲ್ಕಾ ಸರೋವರದಲ್ಲಿ ಮೀನು ಹಿಡಿಯಲು ರಾಜನಿಗೆ ಹಣ ಕಟ್ಟಿ ಬಾಯಿಮಾತಿನ ಒಪ್ಪಂದ ಮಾಡಿಕೊಂಡಿದ್ದವರು ಸುಪ್ರೀಂ ಕೋರ್ಟಿಗೆ ಹೋದರು. ಮೀನು ಹಿಡಿದೊಯ್ಯುವ ಹಕ್ಕು ಸ್ಥಿರಾಸ್ತಿಗೆ ಸಮಾನ, ನೋಂದಾಯಿತ ಪತ್ರವಿಲ್ಲದೆ ಅದು ಸಿಗದು ಎಂದು 1955ರಲ್ಲಿ ತೀರ್ಪಾಯಿತು. ಮಾತಿನ ಹಕ್ಕು ಸೋತಿತು, ಕಾಗದದ ಹಕ್ಕು ಗೆದ್ದಿತು.

ಇಂದು ಕೆರೆಗಳ ಮೀನು ಪಾಶುವಾರು ಹಕ್ಕು ಗುತ್ತಿಗೆಗೆ ಹೋಗುತ್ತದೆ. ಗುತ್ತಿಗೆದಾರ ಮರಿ ಬಿಡುತ್ತಾನೆ, ಹಣ ಹೂಡುತ್ತಾನೆ. ಅವನ ನಷ್ಟವೂ ನಷ್ಟವೇ. ಹೊನ್ನಾಳಿ, ನ್ಯಾಮತಿಗಳ ಬಳಿ ಹರಿಯುವ ತುಂಗಭದ್ರೆಯಲ್ಲಿ ಸ್ವಚ್ಛಂದವಾಗಿ ಈಜುವ ಮೀನು, ಹಿಡಿದವನ ಕೈಗೆ ಬರುವವರೆಗೆ ಯಾರ ಸ್ವತ್ತೂ ಅಲ್ಲ. ತಪ್ಪಿಸಿಕೊಳ್ಳಲಾಗದ ಹೊಂಡದ ಮೀನು ಹೊಂಡದವನದು. ಅದನ್ನು ಹಿಡಿದರೆ ಕಳವು. ತೊಡಕಿರುವುದು ಇವೆರಡರ ನಡುವಿನ ಊರಕೆರೆಯಲ್ಲಿ. ಸೊರಬ, ಸಾಗರಗಳ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ಊರವರೆಲ್ಲ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತಾರೆ. ಆ ರೂಢಿಗೆ ಗುತ್ತಿಗೆಯ ಕಾಗದದಲ್ಲಿ ಎಷ್ಟು ಜಾಗವಿದೆ?

ಬರದ ನಾಡಾದ ಜಗಳೂರಿಗೆ ಈ ಪ್ರಶ್ನೆ ಈಗ ಹೊಸದಾಗಿ ಬಂದಿದೆ. ತುಂಗಭದ್ರೆಯ ನೀರನ್ನು ಮೇಲೆತ್ತಿ ಆ ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ ನಡೆದಿದೆ. ಒಣಗಿದ್ದ ಕೆರೆಗೆ ನೀರು ಬಂದರೆ ಮೀನು ಬರುತ್ತದೆ, ಮೀನಿನ ಹಿಂದೆ ಹರಾಜು ಬರುತ್ತದೆ. ಆಗ ಏರಿಯ ಮೇಲೆ ಗಾಳ ಹಾಕಿ ಕುಳಿತ ಬಡವ ರಾತ್ರಿಯ ಸಾರಿಗೆ ಎರಡು ಮೀನು ಹಿಡಿದರೆ ಅವನನ್ನು ಏನೆಂದು ಕರೆಯೋಣ? ಕಳ್ಳನೆಂದೇ, ಪಾಲುದಾರನೆಂದೇ?

ಉತ್ತರಕ್ಕಾಗಿ ಹೊಸ ಕ್ರಾಂತಿಯೇನೂ ಬೇಕಿಲ್ಲ. ಸಂವಿಧಾನದ 11ನೇ ಅನುಸೂಚಿ ಮೀನುಗಾರಿಕೆಯನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಬಲೆಯ ವ್ಯಾಪಾರ ಗುತ್ತಿಗೆದಾರನದು, ಗಾಳದ ಊಟ ಊರವರದು ಎಂಬ ಒಂದು ಸಾಲು ಹರಾಜಿನ ಷರತ್ತುಗಳಲ್ಲಿ ಸೇರಿದರೆ ಸಾಕು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪರಕೀಯ ಆಡಳಿತ ಬರೆದಿಟ್ಟಷ್ಟನ್ನಾದರೂ ನಮ್ಮ ಗ್ರಾಮಸಭೆಗಳು ಕೇಳಿ ಪಡೆಯಬೇಕೆಂಬುದೇ ನಮ್ಮ ಅಭಿಪ್ರಾಯ.