ತವರಿಗೆ ಬರುವ ಹಕ್ಕಿಗಳು: ಒಂದು ಊರಿನ ಹಿತ್ತಲುಗಳ ಚರಿತ್ರೆ



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಮದ್ದಿನ ವಿಷಯದಲ್ಲಿ ಹೇಗೋ ಚರಿತ್ರೆಯ ವಿಷಯದಲ್ಲಿಯೂ ಈ ಗಾದೆ ಹಾಗೆಯೇ ಸಲ್ಲುತ್ತದೆ. ತರಗತಿಯಲ್ಲಿ ನಾವು ಅರಸರನ್ನು ಓದಿದೆವು, ಕೋಟೆಗಳನ್ನು ಓದಿದೆವು, ಕದನಗಳ ಇಸವಿಗಳನ್ನು ಉರು ಹೊಡೆದೆವು. ಮನೆಯ ಹಿಂಬಾಗಿಲು ತೆರೆದರೆ ಕಾಣುವ ಜಾಗಕ್ಕೂ ಒಂದು ಚರಿತ್ರೆ ಉಂಟೆಂದು ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವ ಉದ್ದೇಶದಿಂದ ಇಂದು ಹಿತ್ತಲಿಗೆ ಬರುವ ಕಾಡುಜೀವಿಗಳ ಕುರಿತು ಬರೆಯುತ್ತಿದ್ದೇನೆ.

ನಮ್ಮ ಹಿತ್ತಲುಗಳಿಗೆ ಬರುವ ಅತಿಥಿಗಳು ಸಾಮಾನ್ಯವಾಗಿ ಚಿಕ್ಕವರು. ಅಳಿಲು, ಪಿಕಳಾರ, ಸೂರಕ್ಕಿ, ಇಲಿಯನ್ನರಸಿ ಬರುವ ಕೇರೆಹಾವು, ಬೇಲಿಯ ಸಂದಿಯಿಂದ ಇಣುಕುವ ಮುಂಗುಸಿ, ಹಣ್ಣಿನ ಕಾಲಕ್ಕೆ ಹಿಂಡುಗಟ್ಟಿ ಇಳಿಯುವ ಕೋತಿಗಳು. ಇವು ಬರುತ್ತವೆ, ತಿನ್ನುತ್ತವೆ, ಹೋಗುತ್ತವೆ. ಆದರೆ ನಾಲ್ಕೈದು ಅಡಿ ಉದ್ದದ, ನಾಲ್ಕೈದು ಕಿಲೋ ತೂಕದ, ಕೊಕ್ಕಿನ ಕೆಳಗೆ ಚೀಲವನ್ನು ಹೊತ್ತ ಹಕ್ಕಿಯೊಂದು ನೂರಾರು ಸಂಖ್ಯೆಯಲ್ಲಿ ಬಂದು, ಮನೆಯ ಮಾಡಿಗೆ ತಾಗಿದ ಮರದಲ್ಲಿ ಗೂಡು ಕಟ್ಟಿ, ಮರಿ ಮಾಡಿ, ವರ್ಷದ ಅರ್ಧ ಭಾಗವನ್ನು ಅಲ್ಲಿಯೇ ಕಳೆಯುವುದಾದರೆ? ಆಗ ಅದು ಅತಿಥಿಯಲ್ಲ, ಮನೆಯ ಸದಸ್ಯನೇ ಸರಿ. ಅಂತಹ ಸಂಬಂಧದ ದೀರ್ಘ ಚರಿತ್ರೆಯುಳ್ಳ ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಅದರ ಹೆಸರು ಕೊಕ್ಕರೆ ಬೆಳ್ಳೂರು.

ಬೆಂಗಳೂರು–ಮೈಸೂರು ರಸ್ತೆಯನ್ನು ಬಿಟ್ಟು ಒಳಗೆ ಹೋದರೆ ಶಿಂಷಾ ನದಿಗೆ ಹತ್ತಿರವಾಗಿ ಈ ಊರು ಸಿಗುತ್ತದೆ. ಇಲ್ಲಿಗೆ ಬರುವ ಮುಖ್ಯ ಹಕ್ಕಿಗಳು ಎರಡು: ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಮಳೆಗಾಲ ಕಳೆದು ಕೆರೆಗಳು ತುಂಬಿರುವಾಗ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಬಣ್ಣದ ಕೊಕ್ಕರೆಗಳು ಸ್ವಲ್ಪ ತಡವಾಗಿ ಸೇರಿಕೊಳ್ಳುತ್ತವೆ. ಹುಣಸೆ, ಅರಳಿ ಮೊದಲಾದ ದೊಡ್ಡ ಮರಗಳ ತುದಿಯಲ್ಲಿ ಕಡ್ಡಿಗಳನ್ನು ಪೇರಿಸಿ ಗೂಡು ಕಟ್ಟುತ್ತವೆ. ಬೇಸಿಗೆ ಮುಗಿಯುವ ಹೊತ್ತಿಗೆ ರೆಕ್ಕೆ ಬಲಿತ ಮರಿಗಳೊಡನೆ ಹೊರಟುಹೋಗುತ್ತವೆ. ಗೂಡಿನ ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ರಾಗಿ ಒಣಗುತ್ತಿರುತ್ತದೆ. ಮೇಲಿನ ಸಂಸಾರಕ್ಕೂ ಕೆಳಗಿನ ಸಂಸಾರಕ್ಕೂ ಪರಸ್ಪರ ಅಂಜಿಕೆಯಿಲ್ಲ.

ಈ ಊರು ಮೊದಲು ಈಗಿನ ಜಾಗದಲ್ಲಿ ಇರಲಿಲ್ಲ; ಶಿಂಷಾ ನದಿಯ ದಡದಲ್ಲಿಯೇ ಇತ್ತು. ಹಳೆಯ ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಕಾಲಿಟ್ಟ ಪ್ಲೇಗು ಮಾರಿಯು ಮುಂದೆ ಎರಡು ದಶಕಗಳ ಕಾಲ ಊರೂರುಗಳನ್ನು ಖಾಲಿ ಮಾಡಿಸಿತು. ಇಲಿ ಬಿತ್ತೆಂದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ನಮ್ಮ ಹಿರಿಯರು ಹೇಳುತ್ತಿದ್ದ ಪ್ಲೇಗಿನ ಕಥೆಗಳು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಬೆಳ್ಳೂರಿನ ಜನ 1916ರ ಸುಮಾರಿಗೆ ನದಿಯ ದಡವನ್ನು ತೊರೆದು ಈಗಿನ ಸ್ಥಳಕ್ಕೆ ಬಂದರೆಂದೂ, ಜನ ಹೋದಲ್ಲಿಗೆ ಹಕ್ಕಿಗಳೂ ಹಿಂಬಾಲಿಸಿದವೆಂದೂ ಊರವರ ಹೇಳಿಕೆ. ಊರವರ ನೆನಪನ್ನು ಚರಿತ್ರೆಕಾರನು ಎಚ್ಚರದಿಂದಲೇ ಬಳಸಬೇಕು, ನಿಜ. ಆದರೂ ಈ ನೆನಪಿನ ತಿರುಳನ್ನು ಗಮನಿಸಿ. ಮನುಷ್ಯರು ಬಿಟ್ಟುಹೋದ ಹಾಳೂರಿನಲ್ಲಿ ಮರಗಳಿಗೆ ಕೊರತೆಯಿರಲಿಲ್ಲ, ನೀರೂ ಅಲ್ಲಿಯೇ ಹತ್ತಿರವಿತ್ತು. ಹಾಗಿದ್ದೂ ಹಕ್ಕಿಗಳು ಜನರಿರುವ ಕಡೆಗೆ ಬಂದವೆಂದರೆ, ಅವು ಮರವನ್ನಷ್ಟೇ ಅಲ್ಲ, ಮನುಷ್ಯರ ಸಾಮೀಪ್ಯವನ್ನೂ ಅರಸಿದವೆಂದಾಯಿತು. ಜನ ಓಡಾಡುವ ಕಡೆ ಗೂಡಿಗೆ ನುಗ್ಗುವ ಶತ್ರುಗಳು ಬರಲು ಹಿಂಜರಿಯುತ್ತವೆ ಎಂಬುದು ಇದಕ್ಕೆ ಕೊಡಬಹುದಾದ ಒಂದು ಸಮಾಧಾನ.

ಇದು ಬೆಳ್ಳೂರೊಂದರ ವಿಚಿತ್ರವೆಂದು ತಿಳಿಯಬಾರದು. ಭಾರತದ ಹಕ್ಕಿಗಳ ಕುರಿತು 1860ರ ದಶಕದಲ್ಲಿ ಗ್ರಂಥ ರಚಿಸಿದ ಟಿ. ಸಿ. ಜೆರ್ಡನ್ ಎಂಬ ವೈದ್ಯಾಧಿಕಾರಿಯು, ಕರ್ನಾಟಿಕ್ ಪ್ರಾಂತದ ಹಳ್ಳಿಯೊಂದರ ನಡುವೆ ಹೆಜ್ಜಾರ್ಲೆಗಳು ತಲೆತಲಾಂತರದಿಂದ ಗೂಡು ಕಟ್ಟುತ್ತಿದ್ದುದನ್ನು ಕಂಡು ದಾಖಲಿಸಿದ್ದಾನೆ. (ಆಗಿನ ಇಂಗ್ಲಿಷರು ಕರ್ನಾಟಿಕ್ ಎಂದು ಕರೆಯುತ್ತಿದ್ದುದು ಘಟ್ಟದ ಕೆಳಗಿನ ತಮಿಳು–ತೆಲುಗು ಸೀಮೆಯನ್ನು, ನಮ್ಮ ರಾಜ್ಯವನ್ನಲ್ಲ.) ಚೆಂಗಲ್ಪಟ್ಟು ಸೀಮೆಯ ವೇಡಂತಾಂಗಲ್ ಗ್ರಾಮಸ್ಥರು ತಮ್ಮ ಕೆರೆಯ ಹಕ್ಕಿಗಳನ್ನು ಬೇಟೆಗಾರರಿಂದ ಉಳಿಸಿಕೊಳ್ಳಲು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಜಿಲ್ಲಾಧಿಕಾರಿ ಲಯೊನೆಲ್ ಪ್ಲೇಸನಿಂದ ಲಿಖಿತ ಅಭಯವನ್ನು ಪಡೆದಿದ್ದರು. ಹಕ್ಕಿಯ ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗೆ ಗೊಬ್ಬರವಾಗುತ್ತದೆಂಬ ತಿಳಿವಳಿಕೆ ಆ ರೈತರಿಗಿತ್ತು. ನಮ್ಮ ರಂಗನತಿಟ್ಟಿನ ಕಥೆ ಬೇರೆ. ಅಲ್ಲಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರಿನ ಅರಸರ ಸರ್ಕಾರವು ಕಾವೇರಿಯ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿತು. ಅಲ್ಲಿ ಹಕ್ಕಿಗೂ ಮನುಷ್ಯನಿಗೂ ನಡುವೆ ನದಿಯಿದೆ. ಬೆಳ್ಳೂರಿನಲ್ಲಿ ನಡುವೆ ಇರುವುದು ಒಂದು ಬೇಲಿ, ಕೆಲವೆಡೆ ಅದೂ ಇಲ್ಲ.

ಹೀಗೆ ಇದ್ದ ನೆಲೆಗಳೆಲ್ಲವೂ ಉಳಿದಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ಬರ್ಮಾ ದೇಶದ ಸಿತ್ತಾಂಗ್ ನದಿಯ ಬಯಲಿನಲ್ಲಿ ಯೂಜೀನ್ ಓಟ್ಸ್ ಎಂಬಾತ 1877ರಲ್ಲಿ ಕಂಡ ಹೆಜ್ಜಾರ್ಲೆಗಳು ಲೆಕ್ಕಕ್ಕೆ ಸಿಗದಷ್ಟಿದ್ದವು. ಮುಂದೆ ಆ ಮಹಾ ವಸಾಹತು ಹೇಳಹೆಸರಿಲ್ಲದಂತಾಯಿತು. ಆಂಧ್ರದ ಕೊಲ್ಲೇರು ಸರೋವರದ ಸಮೀಪ ಕೆ. ಕೆ. ನೀಲಕಂಠನ್ ಅವರು 1946ರಲ್ಲಿ ಕಂಡ ದೊಡ್ಡ ಹೆಜ್ಜಾರ್ಲೆಧಾಮವೂ 1970ರ ದಶಕದಲ್ಲಿ ಬರಿದಾಯಿತು. ಸಾವಿರಗಟ್ಟಲೆ ಹಕ್ಕಿಗಳಿದ್ದವೆಂಬುದೇ ಅವುಗಳಿಗೆ ರಕ್ಷೆಯಾಗಲಿಲ್ಲ.

ಇಂತಹ ಹೊತ್ತಿನಲ್ಲಿ, ಅಂದರೆ 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಳ್ಳೂರಿಗೆ ಬಂದರು. ಕರ್ನಾಟಕದಲ್ಲೊಂದು ಹೆಜ್ಜಾರ್ಲೆಧಾಮ ಪತ್ತೆಯಾಯಿತೆಂದು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಮರುವರ್ಷ ಅವರು ಬರೆದರು. ನಗರಗಳ ಪಕ್ಷಿಪ್ರಿಯರಿಗೆ ಬೆಳ್ಳೂರು ತಿಳಿದದ್ದು ಆ ಮೂಲಕ. ಪತ್ತೆಯಾಯಿತು ಎಂಬ ಮಾತನ್ನು ಮಾತ್ರ ನಾವು ಎಚ್ಚರದಿಂದ ಓದಬೇಕು. ಕೊಲಂಬಸನು ಅಮೆರಿಕವನ್ನು ಕಂಡುಹಿಡಿದನೆಂದು ಬರೆದ ಉತ್ತರಪತ್ರಿಕೆಗಳಲ್ಲಿ, ಅಲ್ಲಿ ಆಗಲೇ ಜನರಿದ್ದರಲ್ಲವೇ ಎಂದು ನಾನು ಕೆಂಪು ಶಾಯಿಯಲ್ಲಿ ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ಬೆಳ್ಳೂರಿನವರಿಗೆ ತಮ್ಮ ಹಿತ್ತಲಿನ ಹಕ್ಕಿಗಳು ಎಂದೂ ಕಳೆದುಹೋಗಿರಲಿಲ್ಲ. ನೇಗಿನಹಾಳರ ಹಿರಿಮೆಯಿರುವುದು ಹಕ್ಕಿಗಳನ್ನು ಕಂಡದ್ದರಲ್ಲಿ ಅಲ್ಲ. ಹಕ್ಕಿಗಳ ಕೆಳಗಿದ್ದ ಮನುಷ್ಯರನ್ನೂ ಅವರ ನಷ್ಟವನ್ನೂ ಕಂಡದ್ದರಲ್ಲಿ.

ಆ ನಷ್ಟದ ಲೆಕ್ಕ ಹೀಗಿದೆ. ಹುಣಸೆಮರವೆಂದರೆ ನಮ್ಮ ಬಯಲುಸೀಮೆಯ ಸಂಸಾರಗಳಿಗೆ ಖರ್ಚಿಲ್ಲದ ಆದಾಯ. ಆದರೆ ಹುಣಸೆ ಮಾಗಿ ಬಡಿಯುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಕೊಂಬೆ ಹತ್ತಿ ಹಣ್ಣು ಉದುರಿಸಿದರೆ ಮೊಟ್ಟೆ ಉಳಿಯದು. ಮೊಟ್ಟೆ ಉಳಿಸಿದರೆ ಹಣ್ಣು ಕೈಗೆ ಬಾರದು. ಮರವನ್ನೇ ಕಡಿದು ಮಾರಿದರೆ ಒಂದೇ ಗಂಟಿನಲ್ಲಿ ಹಣ ಬರುತ್ತದೆ. ಇನ್ನೊಂದು ತಟ್ಟೆಯಲ್ಲಿ ಇದ್ದುದು ಹಿಕ್ಕೆ. ಮರದ ಕೆಳಗೆ ಕೆರೆಯ ಗೋಡುಮಣ್ಣನ್ನು ಹರಡಿ, ಹಿಕ್ಕೆ ಬಿದ್ದ ಮಣ್ಣನ್ನು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯು ಸಾರಜನಕವೂ ರಂಜಕವೂ ತುಂಬಿದ ಉತ್ತಮ ಗೊಬ್ಬರ. ಹೀಗೆ ಕೆರೆಯ ಮೀನು ಹಕ್ಕಿಯ ಹೊಟ್ಟೆಯ ಮೂಲಕ ಹೊಲದ ರಾಗಿಯಾಗುತ್ತಿತ್ತು. ಆದರೆ ರಾಸಾಯನಿಕ ಗೊಬ್ಬರದ ಚೀಲಗಳು ಹಳ್ಳಿಯ ಅಂಗಡಿಗೆ ಬಂದ ಮೇಲೆ ಹಿಕ್ಕೆಯ ಬೆಲೆ ಇಳಿಯಿತು, ಮರದ ಬೆಲೆ ಏರಿತು. ಹಕ್ಕಿ ಅಪಾಯಕ್ಕೆ ಸಿಕ್ಕಿದ್ದು ಈ ತಕ್ಕಡಿಯ ಏರುಪೇರಿನಲ್ಲಿ. ಜನರ ಮನಸ್ಸು ಕಲ್ಲಾದ್ದರಿಂದಲ್ಲ. ಇದನ್ನರಿತ ನೇಗಿನಹಾಳರು ಗೂಡಿರುವ ಮರದ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ಅರಣ್ಯ ಇಲಾಖೆಯಿಂದ ಪರಿಹಾರ ಸಲ್ಲುವ ಕ್ರಮವನ್ನು ಆರಂಭಿಸಿದರು.

ಹಣದಿಂದಲೇ ಎಲ್ಲವೂ ನಡೆಯಿತೆಂದು ಹೇಳಿದರೂ ತಪ್ಪಾದೀತು. ಊರಿನ ಹೆಣ್ಣುಮಕ್ಕಳು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದೇ ಭಾವಿಸುತ್ತಾರೆ. ಬಾಣಂತಿಯನ್ನು ಮನೆಯಿಂದ ಹೊರಡಿಸುವ ತಾಯಿ ಎಲ್ಲಿಯಾದರೂ ಉಂಟೇ? ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗುತ್ತದೆ, ಬಾರದಿದ್ದರೆ ಕೇಡು ಎಂಬ ನಂಬಿಕೆಯೂ ಇದೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವ ಮೊದಲು ಯೋಚಿಸಬೇಕು. ಕೆರೆ ತುಂಬಿದ ವರ್ಷವೇ ಮೀನು ಸಮೃದ್ಧಿ. ಮೀನಿದ್ದ ವರ್ಷವೇ ಹಕ್ಕಿ ಹೆಚ್ಚು. ನಂಬಿಕೆಯು ಕಾರ್ಯಕಾರಣಗಳನ್ನು ಹಿಂದುಮುಂದಾಗಿ ಹೇಳಿರಬಹುದು, ಸುಳ್ಳು ಹೇಳಿಲ್ಲ.

ಆದರೆ ತಾಯಿಯ ಅಕ್ಕರೆಗೂ ಒಂದು ಮಿತಿಯಿದೆ. ಗೂಡಿನಿಂದ ಕೆಳಗೆ ಬಿದ್ದ ಮರಿಯನ್ನು ದೊಡ್ಡ ಹಕ್ಕಿಗಳು ನೆಲಕ್ಕಿಳಿದು ಸಾಕುವುದಿಲ್ಲ. ನಾಯಿಯ ಬಾಯಿಗೋ ಹಸಿವಿಗೋ ಅದು ತುತ್ತಾಗುತ್ತದೆ. 1990ರ ದಶಕದ ನಡುವಿನಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಮತ್ತು ಗೆಳೆಯರು ಊರಿನ ಯುವಕರೊಡನೆ ಸೇರಿದರು. ಹೆಜ್ಜಾರ್ಲೆ ಬಳಗ ಹುಟ್ಟಿಕೊಂಡಿತು. ಬಿದ್ದ ಮರಿಗಳನ್ನು ಆವರಣದೊಳಗಿಟ್ಟು, ಮೀನು ತಿನ್ನಿಸಿ, ಹಾರುವಷ್ಟು ಬಲಿತ ಮೇಲೆ ಬಿಡುವ ಕಾಯಕವನ್ನು ಊರ ಹುಡುಗರೇ ಕೈಗೆತ್ತಿಕೊಂಡರು. ಹಿತ್ತಲಿನ ಮಮತೆಯು ಊರೊಟ್ಟಿನ ಜವಾಬ್ದಾರಿಯಾಗಿ ಬೆಳೆದದ್ದು ಹೀಗೆ.

ಕಾನೂನು ಈ ಊರಿನ ಹಿಂದೆ ಬಹಳ ನಿಧಾನವಾಗಿ ನಡೆದು ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಜಾಗವಿತ್ತು. ಜನರ ಹಿತ್ತಲಿಗೆ ಜಾಗವಿರಲಿಲ್ಲ. ಅಭಯಾರಣ್ಯವೆಂದು ಸಾರಿದರೆ ಮನೆಯವರ ಹಕ್ಕುಗಳಿಗೇ ಕುತ್ತು. 2002ರ ತಿದ್ದುಪಡಿಯು ಸಮುದಾಯ ಮೀಸಲು ಪ್ರದೇಶ ಎಂಬ ಹೊಸ ವರ್ಗವನ್ನು ಸೇರಿಸಿತು. ಜನರು ತಾವಾಗಿಯೇ ವನ್ಯಜೀವಿಗಳನ್ನು ಕಾಯಲು ಮುಂದೆ ಬಂದ ಖಾಸಗಿ ಅಥವಾ ಸಮುದಾಯದ ಭೂಮಿಗೆ ಇದು ಅನ್ವಯ; ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸುವ ಪ್ರತಿನಿಧಿಗಳಿರುತ್ತಾರೆ. ಇದರಡಿಯಲ್ಲಿ 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು.

ಇಷ್ಟಾದ ಮೇಲೆ ಎಲ್ಲವೂ ಸುಖಾಂತ್ಯವೆನ್ನುವ ಹಾಗಿಲ್ಲ. 2017ರ ಕೊನೆಯಿಂದ 2018ರವರೆಗೆ ಊರಿನಲ್ಲಿ ಹಲವು ಹತ್ತು ಹೆಜ್ಜಾರ್ಲೆಗಳು ಸತ್ತು ಬಿದ್ದವು. ಮರಣೋತ್ತರ ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಅಂತಹ ಹುಳುಗಳು ಹಕ್ಕಿಗೆ ಸೇರುವುದು ಮೀನಿನ ಮೂಲಕ. ಮೀನು ಬೆಳೆಯುವುದು ಕೆರೆಯಲ್ಲಿ. ಮನೆಯವರು ಮರವನ್ನು ಎಷ್ಟೇ ಜತನದಿಂದ ಕಾಯ್ದರೂ, ಹಕ್ಕಿ ಊಟಕ್ಕೆ ಹೋಗುವ ದೂರದ ಕೆರೆಗಳು ಅವರ ಅಧೀನದಲ್ಲಿಲ್ಲ. ಹಳೆಯ ಮರಗಳು ಒಂದೊಂದಾಗಿ ಮುಪ್ಪಾಗುತ್ತವೆ. ಇಂದು ನೆಟ್ಟ ಹುಣಸೆಯು ಹೆಜ್ಜಾರ್ಲೆಯ ಗೂಡನ್ನು ಹೊರುವಂತಾಗಲು ದಶಕಗಳೇ ಬೇಕು. ಅದನ್ನು ನೆಡುವವನು ಮೊಮ್ಮಕ್ಕಳ ಕಾಲದ ಹಕ್ಕಿಗಾಗಿ ನೆಡುತ್ತಾನೆ.

ಈ ಚರಿತ್ರೆಯಿಂದ ನಾನು ಗ್ರಹಿಸಿದ್ದು ಇಷ್ಟು. ಹಕ್ಕಿ ಉಳಿದದ್ದು ಕೇವಲ ಭಕ್ತಿಯಿಂದಲ್ಲ, ಕೇವಲ ಹಣದಿಂದಲ್ಲ, ಕೇವಲ ಕಾನೂನಿನಿಂದಲೂ ಅಲ್ಲ. ಒಂದು ಊರುಗೋಲು ಸಡಿಲವಾದಾಗ ಇನ್ನೊಂದು ಕೈಗೆ ಸಿಕ್ಕಿತು. ಹಿಕ್ಕೆಯ ಬೆಲೆ ಕುಸಿದಾಗ ಪರಿಹಾರಧನ ಬಂದಿತು. ಪರಿಹಾರವೊಂದೇ ಸಾಲದಾದಾಗ ಯುವಕರು ಬಂದರು. ಇವೆಲ್ಲಕ್ಕೂ ಅಡಿಗಲ್ಲಾಗಿ ಇದ್ದದ್ದು, ಕಾಗದದಲ್ಲಿ ಎಂದೂ ಬರೆಯದಿದ್ದ ತವರಿನ ಮಾತು. ಅದರ ಖರ್ಚನ್ನು ತಲೆಮಾರುಗಳ ಕಾಲ ಹೊತ್ತವರು ಬಡ ರೈತ ಕುಟುಂಬಗಳು. ಬೈನಾಕ್ಯುಲರು ಹಿಡಿದು ಅಲ್ಲಿಗೆ ಹೋಗುವ ನಾವು ಮೊದಲು ಮರದ ಕೆಳಗಿನ ಮನೆಯವರಿಗೆ ಕೈ ಮುಗಿದು, ಆಮೇಲೆ ತಲೆಯೆತ್ತಿ ಹಕ್ಕಿಯನ್ನು ನೋಡುವುದು ಉಚಿತ.

ನಿಮ್ಮಲ್ಲಿ ಅನೇಕರು ಈಗ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿದ್ದೀರಿ, ಕೆಲವರು ಸಮುದ್ರದಾಚೆ ಇದ್ದೀರಿ. ಊರಿನಲ್ಲಿ ಹಿತ್ತಲು ಇನ್ನೂ ಉಳಿದಿರುವವರಿಗೆ ಹಳೆಯ ಮೇಷ್ಟ್ರ ಕಡೆಯಿಂದ ಒಂದು ಮನೆಗೆಲಸ. ಮುಂದಿನ ಸಲ ಹೋದಾಗ ಹಿರಿಯರ ಬಳಿ ಕುಳಿತು, ಹಿತ್ತಲಿನ ಮರಗಳನ್ನು ಯಾರು ನೆಟ್ಟರು, ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತಿತ್ತು, ಯಾವುದು ಬರುವುದನ್ನು ನಿಲ್ಲಿಸಿತು ಎಂಬುದನ್ನು ಕೇಳಿ ಬರೆದಿಡಿ. ಅಂಕ ಕೊಡುವ ಅಧಿಕಾರ ಈಗ ನನಗಿಲ್ಲ. ಓದುವ ಆಸೆ ಮಾತ್ರ ಹಾಗೆಯೇ ಇದೆ.