ಮನೆಯ ಪಾಯ ಕೆಡುತ್ತಿರುವುದನ್ನು ಗುರುತಿಸುವುದು ಹೇಗೆ?

ಆರಗ ಸೇರಿದಂತೆ ಮಿರಜ ತಾಲೂಕಿನಲ್ಲಿ ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳು ಸಾಕಷ್ಟಿವೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲಿನ ಪಾಯವೂ ಜೊತೆಗೇ ಏರಿಳಿಯುತ್ತದೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಕೃಷ್ಣಾ ದಂಡೆಯ ಅನೇಕ ಮನೆಗಳು ನೀರಿನಲ್ಲಿ ನಿಂತವು. ಆದರೆ ನದಿಯಿಂದ ದೂರದ ಊರಿನಲ್ಲಿ ಪಾಯ ಕೆಡಲು ಬಚ್ಚಲಿನ ನೀರೇ ಸಾಕು.

ಮುಖ್ಯ ಲಕ್ಷಣಗಳು

* ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಅಥವಾ ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲಿನಂತೆ ಸಾಗುವ ಬಿರುಕು. ಗಿಲಾವಿನ ಮೇಲಿನ ಕೂದಲೆಳೆಯಂಥ ಗೀರುಗಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ.
* ಬೇಸಿಗೆಯಲ್ಲಿಯೂ ಬಾಗಿಲು ಬಿಗಿಯಾಗುವುದು. ಮಳೆಗಾಲದಲ್ಲಿ ಕಟ್ಟಿಗೆ ತಾನಾಗಿಯೇ ಉಬ್ಬುತ್ತದೆ. ಚೌಕಟ್ಟೇ ಓರೆಯಾಗಿದೆಯೇ ಎಂದು ನೋಡಿರಿ.
* ಗೋಡೆಯ ಬದಿಯ ಫರಸಿ ಕುಸಿಯುವುದು ಅಥವಾ ಮೇಲೇಳುವುದು.
* ಮನೆಗೂ ಕಟ್ಟೆಗೂ, ಮೆಟ್ಟಿಲುಗಳಿಗೂ ನಡುವೆ ಸಂದು ಬೀಳುವುದು.

ಮೊದಲು ಏನು ಮಾಡಬೇಕು?

ಬಿರುಕು ಕಂಡ ಕೂಡಲೇ ಗೌಂಡಿಯನ್ನು ಕರೆಸಿ ಗಿಲಾವು ಹಚ್ಚಿಸುವುದು ರೂಢಿ. ಇದರಿಂದ ಬಿರುಕು ಮುಚ್ಚುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಅದರ ಬದಲು ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ ತಾರೀಖು ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಅಗಲ ಅಳೆಯಿರಿ. ಮೇ ತಿಂಗಳ ಅಳತೆಯನ್ನು ಮಳೆಯ ನಂತರದ ಅಳತೆಯೊಂದಿಗೆ ಹೋಲಿಸಿದರೆ ಮಣ್ಣಿನ ಏರಿಳಿತ ತಿಳಿಯುತ್ತದೆ.

ಜೊತೆಗೆ ನೀರಿನ ಮೂಲ ಹುಡುಕಿರಿ. ಸೋರುವ ನಳ, ಗೋಡೆಗೆ ಹತ್ತಿದ ಬಚ್ಚಲ ಗುಂಡಿ, ಮಾಳಿಗೆಯ ನೀರು ಪಾಯದ ಬುಡಕ್ಕೆ ಬೀಳುವುದು, ಇವು ಸಾಮಾನ್ಯ ಕಾರಣಗಳು. ಗೋಡೆಯ ಸುತ್ತ ಮೂರು ಅಡಿ ಅಗಲ, ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿರಿ. ಗೋಡೆಗೆ ಹತ್ತಿರದ ದೊಡ್ಡ ಗಿಡಗಳು ಬೇಸಿಗೆಯಲ್ಲಿ ಮಣ್ಣಿನ ತೇವ ಹೀರುತ್ತವೆ ಎಂಬುದು ನೆನಪಿರಲಿ.

ಯಾವಾಗ ತಡ ಮಾಡಬಾರದು?

ಬಿರುಕು 5 ಮಿಲಿಮೀಟರ್‌ಗಿಂತ ಅಗಲವಾಗಿದ್ದರೆ ಅಥವಾ ಬೆಳೆಯುತ್ತಲೇ ಇದ್ದರೆ ಸಿವಿಲ್ ಇಂಜಿನಿಯರರಿಗೆ ತೋರಿಸಿರಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಥವಾ ವಾಲಿದ್ದರೆ ಆ ಕೋಣೆಯಲ್ಲಿ ಮಲಗಬೇಡಿರಿ. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಮಳೆಯ ದಿನಗಳಲ್ಲಿ ಇದು ಜೀವದ ಪ್ರಶ್ನೆ.

ಹೊಸ ಮನೆ ಕಟ್ಟುವವರು

ಪಾಯವನ್ನು ಎರೆ ದಾಟಿಸಿ ಗಟ್ಟಿ ಗರಸಿನವರೆಗೆ ಇಳಿಸುವುದು ಉತ್ತಮ. ಎರೆ ಬಹಳ ಆಳವಿದ್ದಲ್ಲಿ, ಬುಡದ ಹತ್ತಿರ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಪಾಯ ಹಾಕಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಭೂಮಿಗಾಗಿ ಈ ವಿಧಾನವನ್ನು ಅಭಿವೃದ್ಧಿಪಡಿಸಿದೆ. ಸುಮಾರು 3.5 ಮೀಟರ್ ಕೆಳಗೆ ಮಣ್ಣಿನ ಏರಿಳಿತ ಬಹಳ ಕಡಿಮೆ.