ಮಡಿಕೇರಿಯಲ್ಲಿ ಕುಟುಂಬ ಸಮೇತ ವಿದ್ಯುತ್ ಚಾಲಿತ ದ್ವಿಚಕ್ರ ವಾಹನದಲ್ಲಿ ಪ್ರವಾಸ: ನಿಯಮಗಳು ಮತ್ತು ಮಾಹಿತಿ

ಪೀಠಿಕೆ

ಕೊಡಗು ಜಿಲ್ಲೆಯ ಕೇಂದ್ರಸ್ಥಾನವಾದ ಮಡಿಕೇರಿಯು ಪಶ್ಚಿಮ ಘಟ್ಟಗಳಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಗಿರಿಧಾಮವಾಗಿದೆ. ಮೈಸೂರಿನಿಂದ ಸುಮಾರು 120 ಕಿ.ಮೀ. ಹಾಗೂ ಬೆಂಗಳೂರಿನಿಂದ ಸುಮಾರು 260 ಕಿ.ಮೀ. ದೂರದಲ್ಲಿದೆ. ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲದ ಕಾರಣ ಪ್ರವಾಸಿಗರು ರಸ್ತೆಯ ಮೂಲಕವೇ ಇಲ್ಲಿಗೆ ಬರಬೇಕಾಗುತ್ತದೆ. ನಗರದ ಪ್ರೇಕ್ಷಣೀಯ ಸ್ಥಳಗಳು ಒಂದಕ್ಕೊಂದು ಸಮೀಪದಲ್ಲಿದ್ದು, ರಸ್ತೆಗಳು ಕಿರಿದಾಗಿಯೂ ಏರಿಳಿತಗಳಿಂದಲೂ ಕೂಡಿವೆ. ಆದುದರಿಂದ ಕಾರಿಗಿಂತ ಸಣ್ಣ ವಾಹನವೇ ಅನುಕೂಲಕರವಾಗಿದ್ದು, ಶಬ್ದವೂ ಹೊಗೆಯೂ ಇಲ್ಲದ ವಿದ್ಯುತ್ ಚಾಲಿತ ದ್ವಿಚಕ್ರ ವಾಹನವು ಇಂತಹ ನಗರಕ್ಕೆ ಒಪ್ಪುತ್ತದೆ.

ಆದರೆ ಸಮತಟ್ಟಾದ ಊರಿನಲ್ಲಿ ಸಾಕಾಗುವ ವಾಹನವು ಬೆಟ್ಟದ ಊರಿನಲ್ಲಿ ಸಾಕಾಗದಿರಬಹುದು. "ಅನುಜ್ಞಾ ಪತ್ರ ಬೇಕಿಲ್ಲ" ಎಂಬ ಒಂದೇ ಕಾರಣಕ್ಕೆ ವಾಹನವನ್ನು ಆರಿಸಿಕೊಳ್ಳದೆ, ರಸ್ತೆಯ ಏರು ಹಾಗೂ ಕುಟುಂಬದ ಸದಸ್ಯರ ಸಂಖ್ಯೆಯನ್ನು ಗಮನಿಸಿ ಆರಿಸಿಕೊಳ್ಳುವುದು ಸುರಕ್ಷಿತ. ಈ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ವಾಹನಗಳ ವಿಧಗಳು

(ಅ) ಮೋಟಾರು ವಾಹನವೆಂದು ಪರಿಗಣಿಸಲ್ಪಡದವು: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 2(ಯು) ಅನ್ವಯ, ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ ಹಾಗೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ, ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದ ದ್ವಿಚಕ್ರ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಪೆಡಲ್ ತುಳಿಯುವಾಗ ಮೋಟಾರು ನೆರವಾಗುವ ವಿದ್ಯುತ್ ಸೈಕಲ್ಲುಗಳಿಗೂ ಪ್ರತ್ಯೇಕ ಷರತ್ತುಗಳೊಂದಿಗೆ ಇದೇ ವಿನಾಯಿತಿ ಇದೆ. ಇವುಗಳಿಗೆ ನೋಂದಣಿ ಹಾಗೂ ಚಾಲನಾ ಅನುಜ್ಞಾ ಪತ್ರ ಅವಶ್ಯವಿರುವುದಿಲ್ಲ.

(ಆ) ಮೋಟಾರು ವಾಹನವೆಂದು ಪರಿಗಣಿಸಲ್ಪಡುವವು: ಮೇಲಿನ ಮಿತಿಯನ್ನು ಮೀರಿದ ಎಲ್ಲಾ ವಿದ್ಯುತ್ ಸ್ಕೂಟರ್ ಹಾಗೂ ಬೈಕುಗಳು. ಇವುಗಳಿಗೆ ನೋಂದಣಿ, ಥರ್ಡ್ ಪಾರ್ಟಿ ವಿಮೆ ಮತ್ತು ಸವಾರನ ಚಾಲನಾ ಅನುಜ್ಞಾ ಪತ್ರ ಕಡ್ಡಾಯವಾಗಿರುತ್ತದೆ. 2018ರ ಅಧಿಸೂಚನೆಯಂತೆ ವಿದ್ಯುತ್ ವಾಹನಗಳು ಹಸಿರು ನೋಂದಣಿ ಫಲಕ ಹೊಂದಿರತಕ್ಕದ್ದು. ಹೊಗೆ ತಪಾಸಣಾ ಪತ್ರ ಬೇಕಿಲ್ಲ. ಉಳಿದಂತೆ ಪೆಟ್ರೋಲ್ ದ್ವಿಚಕ್ರ ವಾಹನಗಳ ಸಂಚಾರ ನಿಯಮಗಳೇ ಇವುಗಳಿಗೂ ಅನ್ವಯಿಸುತ್ತವೆ.

ವಿನಾಯಿತಿ ಪಡೆದ ವಾಹನದ ಮೋಟಾರು ಅಥವಾ ವೇಗಮಿತಿಯನ್ನು ಬದಲಾಯಿಸಿ ಸಾಮರ್ಥ್ಯ ಹೆಚ್ಚಿಸಿದಲ್ಲಿ ವಿನಾಯಿತಿ ಇಲ್ಲವಾಗುತ್ತದೆ. ಅಂತಹ ವಾಹನವನ್ನು ನೋಂದಣಿ ಇಲ್ಲದೆ ರಸ್ತೆಯಲ್ಲಿ ಚಲಾಯಿಸುವುದು ಅಪರಾಧವಾಗುತ್ತದೆ.

2. ಬೆಟ್ಟದ ರಸ್ತೆಗೆ ಯಾವ ವಾಹನ ಸೂಕ್ತ

ಪ್ರತಿ 100 ಮೀಟರ್ ದೂರಕ್ಕೆ 8 ಮೀಟರ್ ಏರುವ ರಸ್ತೆಯಲ್ಲಿ, ಸವಾರರೂ ಸೇರಿ 150 ಕೆ.ಜಿ. ತೂಕದ ವಾಹನವನ್ನು 250 ವ್ಯಾಟ್ ಶಕ್ತಿಯು ಗಂಟೆಗೆ 7ರಿಂದ 8 ಕಿ.ಮೀ. ವೇಗಕ್ಕಿಂತ ಹೆಚ್ಚು ವೇಗವಾಗಿ ಏರಿಸಲಾರದು. ರಸ್ತೆಯ ಘರ್ಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ವೇಗ ಇನ್ನೂ ಕುಂದುತ್ತದೆ. ಇಷ್ಟು ನಿಧಾನವಾಗಿ ಸಾಗುವ ವಾಹನವು ತಿರುವಿನಲ್ಲಿ ಸಮತೋಲನ ತಪ್ಪುವ ಸಂಭವವಿದ್ದು, ಹಿಂದಿನಿಂದ ಬರುವ ಬಸ್ಸು, ಜೀಪುಗಳಿಗೂ ಅಡಚಣೆಯಾಗುತ್ತದೆ. ಆದುದರಿಂದ (ಅ) ವರ್ಗದ ವಾಹನಗಳನ್ನು ನಗರದೊಳಗೆ, ಒಬ್ಬರೇ ಸವಾರರಾಗಿ ಬಳಸುವುದು ಸೂಕ್ತ. ಹಿಂಬದಿಯಲ್ಲಿ ಮತ್ತೊಬ್ಬರನ್ನು ಕೂರಿಸಿಕೊಂಡು ಸಾಗುವವರು (ಆ) ವರ್ಗದ ವಾಹನವನ್ನೇ ಆರಿಸಿಕೊಳ್ಳಬೇಕು.

ಬ್ಯಾಟರಿಯ ಲೆಕ್ಕವೂ ಬೆಟ್ಟದಲ್ಲಿ ಬೇರೆ. ಇಬ್ಬರು ಸವಾರರೂ ಸೇರಿ 240 ಕೆ.ಜಿ. ತೂಗುವ ಸ್ಕೂಟರನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 65 ವ್ಯಾಟ್-ಗಂಟೆ ಶಕ್ತಿ ಬೇಕು. ರಸ್ತೆಯ ಘರ್ಷಣೆ ಹಾಗೂ ಮೋಟಾರಿನ ನಷ್ಟ ಇದಕ್ಕೆ ಹೆಚ್ಚುವರಿ. ಇಳಿಜಾರಿನಲ್ಲಿ ಬ್ಯಾಟರಿಗೆ ಮರಳುವ ಶಕ್ತಿ ಇದರ ಒಂದು ಭಾಗ ಮಾತ್ರ. ತಯಾರಕರು ತಿಳಿಸಿದ ದೂರವನ್ನು ನಂಬದೆ, ಅದರ ಅರ್ಧದಷ್ಟನ್ನೇ ಆಧಾರವಾಗಿಟ್ಟುಕೊಂಡು ಪ್ರಯಾಣವನ್ನು ಯೋಜಿಸುವುದು ಕ್ಷೇಮ.

3. ಕುಟುಂಬದ ಸದಸ್ಯರು ಮತ್ತು ಮಕ್ಕಳು

(ಆ) ವರ್ಗದ ವಾಹನಗಳಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ ಕೆಳಕಂಡ ಉಪಬಂಧಗಳು ಅನ್ವಯಿಸುತ್ತವೆ:

• ಕಲಂ 128: ಸವಾರನ ಹೊರತು ಒಬ್ಬ ವ್ಯಕ್ತಿಯನ್ನು ಮಾತ್ರ ಕರೆದೊಯ್ಯಬಹುದು. ತಂದೆ, ತಾಯಿ ಹಾಗೂ ಇಬ್ಬರು ಮಕ್ಕಳ ಕುಟುಂಬಕ್ಕೆ ಎರಡು ವಾಹನಗಳು ಮತ್ತು ಅನುಜ್ಞಾ ಪತ್ರವುಳ್ಳ ಇಬ್ಬರು ಸವಾರರು ಬೇಕಾಗುತ್ತದೆ.

• ಕಲಂ 129: ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬ ಸವಾರ ಹಾಗೂ ಹಿಂಬದಿ ಸವಾರರು ಹೆಲ್ಮೆಟ್ ಧರಿಸಿ, ಅದರ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳತಕ್ಕದ್ದು. ಹೆಲ್ಮೆಟ್ ಮೇಲೆ ಐ.ಎಸ್.ಐ. ಗುರುತು ಇರಬೇಕು. ಸಿಖ್ ಸಮುದಾಯದ ಪೇಟಧಾರಿಗಳಿಗೆ ವಿನಾಯಿತಿ ಇದೆ.

• 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳು: 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಒಂದು ವರ್ಷದ ನಂತರ ಜಾರಿಗೆ ಬಂದ ನಿಯಮದಂತೆ, ಮಗುವನ್ನು ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿ ಹಾಗೂ ಮಗುವಿನ ತಲೆಗೆ ಹೊಂದುವ ಹೆಲ್ಮೆಟ್ ಕಡ್ಡಾಯ. ವೇಗವು ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಒಂಬತ್ತು ತಿಂಗಳೊಳಗಿನ ಶಿಶುಗಳನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯದಿರುವುದು ಒಳಿತು.

• ಕಲಂ 199ಎ: 18 ವರ್ಷ ತುಂಬದವರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದು ಭಾವಿಸಲ್ಪಡುತ್ತಾರೆ. ಮೂರು ವರ್ಷಗಳವರೆಗಿನ ಕಾರಾಗೃಹವಾಸ ಹಾಗೂ ರೂ. 25,000 ದಂಡಕ್ಕೆ ಅವಕಾಶವಿದ್ದು, ವಾಹನದ ನೋಂದಣಿಯನ್ನು 12 ತಿಂಗಳು ರದ್ದುಪಡಿಸಲಾಗುತ್ತದೆ.

(ಅ) ವರ್ಗದ ವಾಹನಗಳಿಗೆ ಈ ಕಲಂಗಳು ಅನ್ವಯಿಸದಿದ್ದರೂ, ಇಳಿಜಾರಿನಲ್ಲಿ ಬಿದ್ದಾಗ ಆಗುವ ಪೆಟ್ಟು ಒಂದೇ. ಆದುದರಿಂದ ಎಲ್ಲರೂ ಹೆಲ್ಮೆಟ್ ಧರಿಸಲು ಕೋರಲಾಗಿದೆ.

4. ಅನುಜ್ಞಾ ಪತ್ರ ಇಲ್ಲದವರ ಗಮನಕ್ಕೆ

ವಿದ್ಯುತ್ ಸ್ಕೂಟರ್ ಚಲಾಯಿಸಲು ಗೇರ್‌ರಹಿತ ಮೋಟಾರ್ ಸೈಕಲ್ ವರ್ಗದ ಅನುಜ್ಞಾ ಪತ್ರ ಸಾಕಾಗುತ್ತದೆ. ಕಲಿಕಾ ಅನುಜ್ಞಾ ಪತ್ರಕ್ಕೆ 'ಸಾರಥಿ' ಜಾಲತಾಣದ ಮೂಲಕ, ವಯಸ್ಸು ಹಾಗೂ ವಿಳಾಸದ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು. ಕಲಿಕಾ ಅನುಜ್ಞಾ ಪತ್ರವು 6 ತಿಂಗಳು ಊರ್ಜಿತದಲ್ಲಿದ್ದು, ಅದನ್ನು ಪಡೆದು 30 ದಿನಗಳಾದ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಕಲಿಕಾ ಅನುಜ್ಞಾ ಪತ್ರ ಹೊಂದಿರುವವರು ಕಲಿಸುವವರ ಹೊರತು ಬೇರಾರನ್ನೂ ಹಿಂಬದಿಯಲ್ಲಿ ಕೂರಿಸಿಕೊಳ್ಳುವಂತಿಲ್ಲ. ಆದ್ದರಿಂದ ಕುಟುಂಬದೊಂದಿಗೆ ಸವಾರಿ ಮಾಡಬಯಸುವವರು ಪ್ರವಾಸಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಅರ್ಜಿ ಸಲ್ಲಿಸುವುದು ಸೂಕ್ತ.

5. ಬಾಡಿಗೆಗೆ ಪಡೆಯುವಾಗ ಪರಿಶೀಲಿಸಬೇಕಾದ ಅಂಶಗಳು

1) ನೋಂದಣಿಯಾದ ಮೋಟಾರ್ ಸೈಕಲ್ಲುಗಳನ್ನು ಬಾಡಿಗೆಗೆ ನೀಡುವವರು 1997ರ ರೆಂಟ್-ಎ-ಮೋಟಾರ್‌ಸೈಕಲ್ ಯೋಜನೆಯಡಿ ಪರವಾನಗಿ ಹೊಂದಿರಬೇಕು. ಸ್ವಂತ ಬಳಕೆಗೆಂದು ನೋಂದಾಯಿಸಿದ ವಾಹನವನ್ನು ಬಾಡಿಗೆಗೆ ಪಡೆದು ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೆ ತೊಡಕಾಗಬಹುದು.
2) ನೋಂದಣಿ ಪತ್ರ ಹಾಗೂ ವಿಮಾ ಪತ್ರ ಊರ್ಜಿತದಲ್ಲಿರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳೂ ತಪಾಸಣೆಯ ವೇಳೆ ಮಾನ್ಯವಾಗಿರುತ್ತವೆ.
3) ಎರಡೂ ಬ್ರೇಕುಗಳು, ಟೈರುಗಳ ಸವಕಳಿ, ಮುಂದಿನ ಹಾಗೂ ಹಿಂದಿನ ದೀಪಗಳನ್ನು ನೋಡಬೇಕು.
4) ಚಾರ್ಜರನ್ನು ವಾಹನದೊಂದಿಗೆ ಕೊಡಲಾಗುವುದೇ, ವಸತಿಗೃಹದಲ್ಲಿ ಚಾರ್ಜ್ ಮಾಡಲು ಅನುಮತಿ ಇದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

6. ಸೂಚಿತ ಸ್ಥಳಗಳು

ನಗರದೊಳಗೆ: ಊರಿನ ನಡುವೆಯೇ ಮಡಿಕೇರಿ ಕೋಟೆ ಇದೆ. ಟಿಪ್ಪು ಸುಲ್ತಾನನು ಇದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಸಿದ್ದನು. ಆವರಣದಲ್ಲಿ ಅರಮನೆ, ಎರಡು ಕಲ್ಲಾನೆಗಳು ಹಾಗೂ 1855ರಲ್ಲಿ ನಿರ್ಮಿಸಿದ ಸಂತ ಮಾರ್ಕರ ಚರ್ಚಿನ ಕಟ್ಟಡವನ್ನು ನೋಡಬಹುದು. ಎರಡನೇ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯ, ಕೊಡಗಿನ ಅರಸರ ಸಮಾಧಿಗಳಿರುವ ಗದ್ದಿಗೆ, ಸೂರ್ಯಾಸ್ತಕ್ಕೆ ಹೆಸರಾದ ರಾಜಾಸೀಟ್ ಇವೆಲ್ಲವೂ ಸಮೀಪದಲ್ಲಿವೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲ್ಪಟ್ಟಿದ್ದು, ಮಕ್ಕಳಿಗೆ ವಿಶೇಷವಾಗಿ ತೋರಿಸಬಹುದಾದ ಸ್ಥಳವಾಗಿದೆ. ರಾಜಾಸೀಟ್‌ನಲ್ಲಿ ಸಂಜೆ ಜನಸಂದಣಿ ಹೆಚ್ಚಿರುವುದರಿಂದ ಅದನ್ನು ಕೊನೆಗಿಟ್ಟುಕೊಂಡು, ಕತ್ತಲಾಗುವ ಮೊದಲೇ ವಸತಿಗೃಹಕ್ಕೆ ಮರಳುವುದು ಲೇಸು.

ಅಬ್ಬಿ ಜಲಪಾತ: ನಗರದಿಂದ ಸುಮಾರು 8 ಕಿ.ಮೀ. ಕಾಫಿ ತೋಟಗಳ ನಡುವಿನ ರಸ್ತೆ ಕಿರಿದಾಗಿದ್ದು ತಿರುವುಗಳಿಂದ ಕೂಡಿದೆ. ಜಲಪಾತವು ನಗರಕ್ಕಿಂತ ತಗ್ಗಿನಲ್ಲಿರುವುದರಿಂದ ಹೋಗುವಾಗ ಕಡಿಮೆ ಖರ್ಚಾಗುವ ಬ್ಯಾಟರಿ ಮರಳುವಾಗ ಹೆಚ್ಚು ಖರ್ಚಾಗುತ್ತದೆ. ಹೊರಡುವಾಗಲೇ ಮರಳುವ ಏರಿನ ಲೆಕ್ಕವನ್ನೂ ಇಟ್ಟುಕೊಂಡಿರಬೇಕು. ನೀರಿಗೆ ಇಳಿಯಬಾರದು.

ವಿದ್ಯುತ್ ದ್ವಿಚಕ್ರ ವಾಹನಕ್ಕೆ ಸೂಕ್ತವಲ್ಲದವು: ಮಾಂದಲ್‌ಪಟ್ಟಿಯ ಕಡಿದಾದ ಒರಟು ದಾರಿಗೆ ಜೀಪು, ಭಾಗಮಂಡಲ ಹಾಗೂ 45 ಕಿ.ಮೀ.ಗೂ ಹೆಚ್ಚು ದೂರದ ತಲಕಾವೇರಿಗೆ ಬಸ್ಸು ಅಥವಾ ಕಾರು ಅನುಕೂಲಕರ.

7. ಮಳೆ, ಮಂಜು ಮತ್ತು ಇಳಿಜಾರು

ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾಗುತ್ತಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಜಿಲ್ಲೆಯ ಅನೇಕ ರಸ್ತೆಗಳು ಕಡಿದುಹೋಗಿದ್ದವು. ಮಳೆಗಾಲದಲ್ಲಿ ದ್ವಿಚಕ್ರ ವಾಹನದಲ್ಲಿ ಕುಟುಂಬ ಪ್ರವಾಸ ಕೈಗೊಳ್ಳದಿರುವುದು ಉತ್ತಮ.

ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಬೇಕು. ಮೋಟಾರಿನ ಮೂಲಕ ಬ್ರೇಕ್ ಆಗುವ ವ್ಯವಸ್ಥೆಯು ಬ್ಯಾಟರಿ ಪೂರ್ಣ ತುಂಬಿರುವಾಗ ಅನೇಕ ವಾಹನಗಳಲ್ಲಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಪೂರ್ಣ ಚಾರ್ಜ್ ಮಾಡಿ ನೇರವಾಗಿ ಇಳಿಜಾರಿಗೆ ಹೊರಡುವವರು ಇದನ್ನು ನೆನಪಿಡಬೇಕು. ವಾಹನದ ಶಬ್ದ ಪಾದಚಾರಿಗಳಿಗೆ ಕೇಳಿಸದ ಕಾರಣ ಕುರುಡು ತಿರುವುಗಳಲ್ಲಿ ಹಾರ್ನ್ ಮಾಡುವುದು, ಮಂಜಿನಲ್ಲಿ ದೀಪ ಬೆಳಗಿಸುವುದು ಅವಶ್ಯ. ನೆನೆದ ವಾಹನವನ್ನು ಒರೆಸಿ, ಒಣಗಿದ ನಂತರವೇ ಚಾರ್ಜಿಗೆ ಹಾಕಬೇಕು.

8. ತುರ್ತು ಸಂದರ್ಭದಲ್ಲಿ

ಪೊಲೀಸ್, ಅಗ್ನಿಶಾಮಕ ಹಾಗೂ ಇತರೆ ತುರ್ತು ನೆರವು: 112
ಆಂಬುಲೆನ್ಸ್: 108

ಅನುಜ್ಞಾ ಪತ್ರ, ನೋಂದಣಿ ಕುರಿತ ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.